ಹೊಗೆ ಹಾಕಿಸು ಅಂದದ್ದು

“ಹಲೋ... ಯಾರು? ... ಯಾರ್ರೀ ಅದು, ಬರೀ ಕೆಮ್ಮು ಕೇಳಿಸ್ತಿದೆ. ... ಓ, ಭಾಮೈದ, ನೀನಾ.”

ಹೊಗೆ ದಲ್ಲಾಳಿ ಕುರ್ಚಿಯನ್ನು ಹಿಂದಕ್ಕೆ ವಾಲಿಸಿದ. ಕಡಿಮೆ ಹೊಗೆಯುಗುಳುವ ಕಾರ್ಖಾನೆಗಳಲ್ಲಿ ಬಳಸದೆ ಮಿಕ್ಕ ಸರ್ಕಾರಿ ಹೊಗೆ ಪರವಾನಗಿಯನ್ನು ಕೊಂಡು, ಮಿತಿ ಮೀರಿ ಉಗುಳುವವರಿಗೆ ಮಾರುವುದು ಅವನ ಕಸುಬು. ಹೆಂಡತಿಯ ತಮ್ಮ ಮೊನ್ನೆ ಮೊನ್ನೆಯವರೆಗೂ ಬಾಡಿಗೆ ಹೊಡೆದಾಟದಲ್ಲಿದ್ದವನು. ಈಗಷ್ಟೇ ಈ ಕೆಲಸಕ್ಕೆ ಸೇರಿದ್ದ.

“ಹೇಳು, ಗಾಜಿನ ಕಾರ್ಖಾನೆಗೆ ಹೋಗಿದ್ಯಾ? ... ಬೀಗರಿಗೆ ಹೊಗೆ ಹಾಕಿಸಿದ್ಯಾ? ... ಭೇಷ್. ‘ನೀವು ಮಾರೋದು ಬರೀ ಗಾಳೀನ್ರೀ ಬೀಗ್ರೇಏಏ’ ಅಂತ ಮೂಗಲ್ಲಿ ರಾಗ ಎಳೀತಿದ್ರಲ್ಲ, ಈಗೇನಂತಾರೆ? ...”

“ಕೆಮ್ತಿದಾರಾ? ಖಾತೆಗೆ ಹೊಗೆ ಬಿದ್ರೆ ಯಾರಾದ್ರೂ ಕೆಮ್ತಾರೇನೋ? ...”

“ಹಾಂ? ಒದ್ದೆ ಗೋಣಿಚೀಲ ಯಾಕೆ? ...”

“ತಾಳು ತಾಳು. ಕುಲುಮೆ ಪಕ್ಕದ ಕೋಣೆ... ಒಳಗೆ ನೂಕಿ... ಚೀಲಕ್ಕೆ ಬೆಂಕಿ ಹಚ್ಚಿ... ಬೀಗರನ್ನ ಹಾಕಿ ಬೀಗ ಹಾಕಿದ್ಯಾ? ...”

ಕುರ್ಚಿ ಮುಂದಕ್ಕೆ ದಬ್ಬೆಂದಿತು. ಕಾರ್ಖಾನೆಯ ಯಜಮಾನ ಅವನ ಒಬ್ಬಳೇ ಮಗಳು ಪುಟ್ಟಿಯ ಮಾವ.

“ಹೊಗೆ ಹಾಕಿಸು ಅಂದೆ ಕಣೋ, ನಿಜ. ಅವರ ಪರವಾನಗಿ ಮುಗಿದಿದೆ, ನಮ್ಮದನ್ನ ಅವರ ಖಾತೆಗೆ ಹಾಕಿಸು ಅಂತ. ಕೊಲ್ಲು ಅಂತ ತಿಳ್ಕೊಂಡ್ಯಾ? ... ಪುಟ್ಟಿ ಕೆನ್ನೆಗೆ ಬಾರಿಸಿದ್ರು ಅಂತ ಊಟಕ್ಕೆ ಕೂತಾಗ ಬೈದೆ, ಅದೂ ನಿಜ. ಬೈದವರೆಲ್ಲ ಕೊಲ್ಲಿಸ್ತಾರಾ? ...”

“ಬಾಗಿಲು ತೆಗಿ ಮೊದಲು. ... ಕೀಲಿಕೈ ಬೀಗದಲ್ಲೇ ಮುರೀತಾ? ... ಒಡಿ. ಸುತ್ತಿಗೆ ಇಲ್ವಾ? ... ಅದೇ ಸುತ್ತಿಗೇಲಿ ಅವರ ಮಂಡಿಗೆ ಹೊಡೆದ್ಯಾ? ... ಎರಡೂ ಮಂಡಿಗಾ? ...”

“ಬಾಗಿಲು ಬಡೀತಿದಾರಾ? ಬಡೀಲಿ, ಬಡೀತಿದ್ರೆ ಒಳ್ಳೇದು. ಹೊರಗೋಡೇಲಿ ಸ್ವಿಚ್ ಇದೆ ನೋಡು, ಹೊಗೆ ಎಳೆಯೋ ದೊಡ್ಡ ಫ್ಯಾನಿಂದು. ಹಾಕು. ... ತಿರುಗ್ತಿಲ್ವಾ? ಕರೆಂಟ್ ಹೋದ್ರೇನು, ಅದು ಚಾವಣಿ ಮೇಲಿನ ಸೋಲಾರಲ್ಲಿ ಓಡೋದು. ಬಿಸಿಲು ಕೆಂಡ ಸುರೀತಿದೆ, ತಿರುಗಲೇಬೇಕು...”

ಆ ಸೋಲಾರ್ ಫಲಕಗಳನ್ನು ಕೂರಿಸಿದವನು ದಲ್ಲಾಳಿಯೇ. ಸಬ್ಸಿಡಿಯವರು ಫೋಟೊ ತೆಗೆದ ದಿನ ಎಲ್ಲವೂ ಥಳಥಳ ಹೊಳೆದಿದ್ದವು. ತಂತಿ ಎಳೆಯುವುದೊಂದು ಬಾಕಿಯಿತ್ತು. ಫೋಟೊದಲ್ಲಿ ತಂತಿ ಎಲ್ಲಿ ಕಾಣುತ್ತದೆ ಎಂದು ಆಗ ನಕ್ಕಿದ್ದ.

“ಫ್ಯಾನ್ ಬಿಡು. ... ಯಾಕೆ ಅಂತ ಕೇಳಬೇಡ, ಬಾಗಿಲಿಗೆ ಹೊಡಿ. ...”

ಕಬ್ಬಿಣಕ್ಕೆ ಕಬ್ಬಿಣ ಬಡಿಯುವ ಸದ್ದು ಅವನ ಕಿವಿಯೊಳಗೇ ಬಿದ್ದಂತಿತ್ತು.

“ಒಳಗಿಂದ ಬಡಿಯೋದು ನಿಂತುಹೋಯ್ತಾ? ... ಹೊಡಿಯೋ, ನಿನ್ನ ರಟ್ಟೆ ಸೇದಿಹೋಗ. ...”

“ಬಿತ್ತಾ? ... ಎಳಿ ಹೊರಗೆ, ಕಾಲು ಹಿಡಿದು ಎಳಿ. ... ಮುಖ ಏನ್ ನೋಡ್ತೀಯ, ಎದೆ ನೋಡು. ... ಒತ್ತು. ... ಪಕ್ಕೆಲುಬು ಲಟಕ್ ಅಂದ್ರೂ ಬಿಡಬೇಡ, ಒತ್ತು. ...”

“ಇಲ್ವಾ. ...”

“ಕಿರುಚ್ತಿರೋದ್ಯಾರು? ... ಪುಟ್ಟೀನಾ? ಹಿಂದಿನ ಮನೆಯಿಂದ ಓಡಿ ಬಂದ್ಲಾ? ಫೋನ್ ಕೊಡಬೇಡ ಅವಳಿಗೆ, ಕೊಡಬೇಡ ಕಣೋ...”

“ಪುಟ್ಟೀ... ಹಾಂ, ಅಪ್ಪಾನೇ. ... ಹೇಳಿದ್ದು ನಾನೇ ಕಣಮ್ಮ, ಹೊಗೆ ಹಾಕಿಸು ಅಂತಾನೇ, ಆದ್ರೆ ಅದು ವ್ಯಾಪಾರದ ಮಾತು. ನಿಮ್ಮ ಸೋದರಮಾವ ಬೇರೆ ಅರ್ಥ ಮಾಡ್ಕೊಂಡ. ನನ್ನದೇನೂ ತಪ್ಪಿಲ್ಲ, ಅಲ್ವಾ? ... ಅಲ್ವೇನಮ್ಮ? ...”

“ಯಾವ ಫ್ಯಾನು? ...”

“ಹಲೋ? ... ಪುಟ್ಟೀ, ಏನೂ ಕೇಳಿಸ್ತಿಲ್ಲ. ... ಸಿಗ್ನಲ್ ಹೋಗಿ ಹೋಗಿ ಬರ್ತಿದೆ. ... ಹಲೋ... ಹಲೋಓ...”

ಬಾವಿಯ ತಳದಿಂದ ಕೂಗಿದಂತೆ ದನಿಯನ್ನು ಸಣ್ಣದಾಗಿಸುತ್ತಾ, ದಲ್ಲಾಳಿ ಹೆಬ್ಬೆರಳಿನಿಂದ ಕೆಂಪು ಗುಂಡಿಯನ್ನು ಒತ್ತಿದ.