ಪಾದರಸ ತೆಗೆಯುವ ಮಾತ್ರೆ

ಹಲ್ಲಿನ ಡಾಕ್ಟರ ಬಾಗಿಲ ಮುಂದಿನ ಬೆಂಚಿನ ಮೇಲೆ ಗಡಿಯಾರ ರಿಪೇರಿಯವನು ಊದಿದ ಕೆನ್ನೆ ಹಿಡಿದು ಕೂತಿದ್ದ. ಬಾಯಿ ತೆರೆಯುವ ಹಾಗಿರಲಿಲ್ಲ. ಅದಕ್ಕೇ ಮೈಯೆಲ್ಲ ಕಿವಿಯಾಗಿದ್ದ. ಪಕ್ಕದಲ್ಲಿ ಅತ್ತೆ-ಸೊಸೆ. ನೀರಿನ ಬಾಟಲಿಗೆಂದು ಅತ್ತೆಯ ಚೀಲಕ್ಕೆ ಕೈಹಾಕಿದ ಸೊಸೆಗೆ ಮಾತ್ರೆಯ ಡಬ್ಬಿಯೊಂದು ಸಿಕ್ಕಿತು.

"ಅತ್ತೆ, ಇದೇನಿದು?"

"ಮೈಯಲ್ಲಿರೋ ಪಾದರಸ ತೆಗೆಯೋ ಮಾತ್ರೆ ಕಣೆ. ಫೋನಲ್ಲಿ ನೋಡಿ ತರಿಸ್ಕೊಂಡೆ."

"ನಿಮ್ಮ ಮೈಗೆ ಪಾದರಸ ಎಲ್ಲಿಂದ ಬಂತು?"

"ದವಡೆ ಹಲ್ಲಿಗೆ ಬೆಳ್ಳಿ ತುಂಬಿಸ್ಕೊಂಡಿಲ್ವಾ? ಅದರೊಳಗೆ ಇರೋದೇ ಅದಂತೆ."

"ಅದನ್ನ ತುಂಬ್ಸಿ ಇಪ್ಪತ್ತೆರಡು ವರ್ಷ ಆಯ್ತು. ಇಷ್ಟು ದಿನ ತೆಪ್ಪಗಿದ್ದದ್ದು ಈಗ ಎದ್ದು ಕುಣಿಯೋಕೆ ಶುರುಮಾಡ್ತಾ?"

"ಮತ್ತೆ ಈ ಸುಸ್ತು ಯಾಕೆ?"

"ಸುಸ್ತು ಯಾವಾಗಿಂದ?"

"ಹೋದ ತಿಂಗಳಿಂದ."

"ಮಾತ್ರೆ?"

"ಅದಕ್ಕೊಂದು ವಾರ ಮುಂಚೆಯಿಂದ. ವಿಷ ಹೊರಗೆ ಹೋಗುವಾಗ ಹಾಗೇ ಆಗೋದಂತೆ."

"ಕಿಡ್ನಿ ತೊಂದರೆ ಇರೋರು ತಗೋಬಾರ್ದು ಅಂತ ಡಬ್ಬಿ ಮೇಲೇ ಬರೆದಿದ್ದಾರೆ, ನೋಡಿ. ನಿಮ್ಮ ಕಿಡ್ನಿ ಡಾಕ್ಟರಿಗೆ ಹೇಳಿದ್ರಾ?"

"ಅವರಿಗ್ಯಾಕೆ? ಇದು ಹಲ್ಲಿನ ವಿಷ್ಯ."

"ಸರಿ, ಈ ಡಾಕ್ಟರಿಗಾದ್ರೂ ಹೇಳ್ತೀರಾ?"

"ಹೊಟ್ಟೆಗೆ ಹೋಗೋ ಮಾತ್ರೆ ಕಣೆ. ಹಲ್ಲು ಕೀಳೋರಿಗೆ ಏನು ಗೊತ್ತಾಗತ್ತೆ?"

"ಹಾಗಾದ್ರೆ ಯಾರಿಗೆ ಹೇಳಿದೀರಿ?"

"ನಿನಗೆ ಹೇಳ್ದೆನಲ್ಲ."

ಗಡಿಯಾರದವನಿಗೆ ನಗು ಬಂದು ಕೆನ್ನೆ ನೋವಿನಿಂದ ಸಿಡಿಯಿತು.

ಒಳಗಿನಿಂದ ಕರೆ ಬಂತು. ಅತ್ತೆ ಎದ್ದು, ಡಬ್ಬಿ ಚೀಲಕ್ಕೆ ಹಾಕಿಕೊಳ್ಳಲು ಕೈ ಚಾಚಿದರು. ಸೊಸೆ ಅದನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಂಡು, ಅತ್ತೆಗಿಂತ ಮುಂಚೆ ಒಳಗೆ ಹೋದಳು.