ಕಾರಣ ಕೇಳುವ ಕಂಪ್ಯೂಟರ್

ಒಬ್ಬ ಶ್ರೀಮಂತನ ಕಥೆ ಹೇಳುತ್ತೇನೆ, ಕೇಳಿ. ಊರು ಯಾವುದು ಎನ್ನಬೇಡಿ, ನಿಮ್ಮ ಊರೇ ಆಗಿರಬಹುದು! ಬಟ್ಟೆ ವ್ಯಾಪಾರಿ. ಒಳ್ಳೆಯವನೇ. ಆದರೆ ಏನು ಕೊಂಡರೂ ಎಲ್ಲಕ್ಕಿಂತ ದೊಡ್ಡದೇ ಬೇಕು.

ಅವನ ಮಗ ಸೇನೆಯಲ್ಲಿ ವೈದ್ಯ, ಇರುವುದು ದೂರದ ಗುವಾಹಟಿಯಲ್ಲಿ. ಅಲ್ಲಿ ಹೆಣ್ಣು ಮಗು ಹುಟ್ಟಿತು. ಶ್ರೀಮಂತನ ತಾಯಿಗೆ ಎಂಬತ್ತಾರು ವರ್ಷ, ಅಷ್ಟು ದೂರ ಹೋಗಲಾರಳು. ಅವಳಿಗಿದ್ದದ್ದು ಒಂದೇ ಆಸೆ. ಮಗುವಿಗೆ ತನ್ನ ಅಮ್ಮನ ಹೆಸರು, ಗಿರಿಜಾ ಎಂದು ಇಡಬೇಕು, ಅದನ್ನು ತಾನು ಕಿವಿಯಾರೆ ಕೇಳಬೇಕು. ಆ ವೈದ್ಯ ಮೊಮ್ಮಗ ತುಂಟ. "ನಾಮಕರಣದ ದಿನವೇ ಕೇಳಿಸ್ಕೋ ಅಜ್ಜಿ" ಎಂದುಬಿಟ್ಟಿದ್ದ. ಮೊಬೈಲಿನ ಪುಟ್ಟ ಚಿತ್ರ ಅಜ್ಜಿಗೆ ಕಾಣದು. ಅದಕ್ಕೇ ಕಂಪ್ಯೂಟರ್ ಕೊಳ್ಳಲು ಹೊರಟ ಶ್ರೀಮಂತ.

ಅಂಗಡಿಯಾಕೆ ಕೇಳಿದಳು, "ಆಪರೇಟಿಂಗ್ ಸಿಸ್ಟಮ್ ಯಾವ ಎಡಿಷನ್ ಹಾಕ್ಲಿ?" ಹಾಗೆಂದರೇನು ಎಂದು ಹಿಂದೆ ಕೂತವರು ಕೇಳುತ್ತಿದ್ದೀರಿ. ಕಂಪ್ಯೂಟರನ್ನು ಎಬ್ಬಿಸುವುದು, ದುಡಿಸುವುದು, ಮಲಗಿಸುವುದು ಎಲ್ಲ ಅದೇ. ಮನೆಗೊಂದು ಬಗೆ, ಕಚೇರಿಗೊಂದು ಬಗೆ.

"ಮನೆಗೆ ಹೋಮ್ ಎಡಿಷನ್ ಸಾಕು ಯಜಮಾನ್ರೇ."

"ಸಾಕು ಅನ್ನೋದು ಬೇಡಮ್ಮ. ಎಲ್ಲಕ್ಕಿಂತ ಮೇಲಿಂದು ಯಾವುದು?"

"ಸರ್ವರ್ ಎಡಿಷನ್ ಅಂತಿದೆ. ಅದು ಬ್ಯಾಂಕು, ದೊಡ್ಡ ಕಂಪನಿಗಳಿಗೆ."

"ಅದೇ ಹಾಕು!"

ಹಾಕಿದಳು, ಪಾಪ. ಆ ಎಡಿಷನ್‌ಗೆ ಒಂದು ಅಭ್ಯಾಸ ನೋಡಿ. ಕಂಪ್ಯೂಟರ್ ಆಫ್ ಮಾಡಲು ಹೋದರೆ ಯಾಕೆ ಆರಿಸುತ್ತೀರಿ, ಕಾರಣ ಬರೆಯಿರಿ ಎಂದು ಕೇಳುತ್ತದೆ. ಶ್ರೀಮಂತನಿಗೆ ಹಿಗ್ಗೋ ಹಿಗ್ಗು. ಬಂದವರಿಗೆಲ್ಲ ಅದನ್ನೇ ತೋರಿಸಿದ. ಹೆಂಡತಿ ನಕ್ಕಳು, "ನಿಮ್ಮನ್ನ ಕಾರಣ ಕೇಳೋ ಧೈರ್ಯ ಈ ಮನೇಲಿ ಅದಕ್ಕಾದ್ರೂ ಇದ್ಯಲ್ಲ!" ಹದಿನೈದು ದಿನ ತೋರಿಸಿದ. ಒಂದು ಹಾಡು ಹಾಕಿ ನೋಡಿದನೇ? ಇಲ್ಲ. ಯಾರಿಗೆ ಪುರುಸೊತ್ತು?

ನಾಮಕರಣದ ದಿನ ಬಂತು. ಅಜ್ಜಿ ರೇಷ್ಮೆ ಸೀರೆ ಉಟ್ಟು ಕಂಪ್ಯೂಟರ್ ಮುಂದೆ ಕೂತಳು. ವಿಡಿಯೋ ಕರೆಯಲ್ಲಿ ತೊಟ್ಟಿಲು ಕಂಡಿತು, ಮಗು ಕಂಡಿತು. ಮೊಮ್ಮಗ ಮಗುವಿನ ಕಿವಿಯಲ್ಲಿ ಮೂರು ಸಲ ಹೆಸರು ಹೇಳಿ, ಆಮೇಲೆ ತಲೆ ಎತ್ತಿ ಎಲ್ಲರಿಗೂ ಕೂಗಿ ಹೇಳಿದ. ಬಾಯಿ ಆಡಿತು. ಶಬ್ದವಿಲ್ಲ!

"ಏನಂದನೋ? ಯಾವ ಹೆಸರೋ?" ಅಜ್ಜಿಯ ಕಣ್ಣು ತುಂಬಿತು.

ಶ್ರೀಮಂತ ಸ್ಪೀಕರ್ ತಿರುವಿದ, ತಟ್ಟಿದ, ಅಂಗಡಿಗೆ ಫೋನು ಮಾಡಿದ. ಆಕೆ ಹೇಳಿದಳು, "ಆ ಎಡಿಷನ್‌ನಲ್ಲಿ ಶಬ್ದ ಮೊದಲು ಮುಚ್ಚೇ ಇರತ್ತೆ ಯಜಮಾನ್ರೇ, ನಾವೇ ತೆರೀಬೇಕು. ಬ್ಯಾಂಕಿನ ಕಂಪ್ಯೂಟರ್‌ಗೆ ಯಾರ ಲಾಲಿ ಕೇಳ್ಬೇಕು ಹೇಳಿ?"

ಅಷ್ಟರಲ್ಲಿ ಹೆಂಡತಿ ಅಡುಗೆಮನೆಯಿಂದ ತನ್ನ ಹಳೆಯ ಬಟನ್ ಫೋನು ತಂದು, ಮಗನಿಗೆ ಕರೆ ಮಾಡಿ, ಅತ್ತೆಯ ಕಿವಿಗಿಟ್ಟಳು.

"ಗಿರಿಜಾ ಅಜ್ಜಿ! ಗಿರಿಜಾ ಅಂತಲೇ ಇಟ್ವಿ!"

ಅಜ್ಜಿ ಅತ್ತಳು, ನಕ್ಕಳು, ಫೋನಿಗೇ ಮುತ್ತಿಟ್ಟಳು. ನಾಚಿದ ಶ್ರೀಮಂತ ಕಂಪ್ಯೂಟರ್ ಆರಿಸಲು ಹೋದ. ಯಾಕೆ ಆರಿಸುತ್ತೀರಿ ಎಂದಿತು ಅದು.

ಅಜ್ಜಿ ಹೇಳಿದಳು, "ನಮ್ಮ ಮನೆಗಲ್ಲ ಅಂತ ಬರಿಯೋ."

ನಗುತ್ತಿದ್ದೀರಿ. ನಗಿ! ಆದರೆ ಆ ಶ್ರೀಮಂತ ಯಾರು? ಕಳೆದ ವಾರ ಇಬ್ಬರಿರುವ ಮನೆಗೆ ಇಪ್ಪತ್ತು ಜನರ ಕುಕ್ಕರ್ ತಂದವರು ಯಾರು? ಕೈ ಎತ್ತಬೇಡಿ, ನನಗೆ ಗೊತ್ತು. ನಾಳೆ ಅಂಗಡಿಗೆ ಹೋಗುವ ಮುಂಚೆ ಮನೆಯವರ ಪಕ್ಕ ಐದು ನಿಮಿಷ ಕೂತು, ನಿಮಗೇನು ಬೇಕು ಎಂದು ಕೇಳಿ. ತಂದ ಮೇಲೆ ನೆಂಟರಿಗೆ ತೋರಿಸಬೇಡಿ, ಮೊದಲು ಅವರ ಕೈಗೆ ಕೊಡಿ. ಯಾಕೆ ಕೊಂಡೆ ಎಂದು ಆ ವಸ್ತುವೇ ಕೇಳಿದರೆ, ಹೇಳಲು ನಿಮ್ಮ ಬಳಿ ಮನೆಯ ಒಬ್ಬರ ಹೆಸರಾದರೂ ಇರಲಿ.