ಕಂಬಳಿಯ ತುದಿಯ ಕಲ್ಲು

ಇದು ನಮ್ಮ ದೊಡ್ಡಮ್ಮನ ಮಗಳು ಕೆಂಪಕ್ಕನಿಗೇ ಆದದ್ದು. ಎಪ್ಪತ್ತೆಂಟನೇ ಇಸವಿಯ ಮಳೆಗಾಲ. ಬಿಳಿಚೋಡಿನ ಗುಡ್ಡದ ದಾರಿ, ಸರಿರಾತ್ರಿ, ಕೈಯಲ್ಲೊಂದು ಲಾಟೀನು. ಮುಂದೆ ಹಾಳುಬಾವಿ... ಅದನ್ನು ದಾಟದೆ ಗುಡ್ಡಕ್ಕೆ ಬೇರೆ ದಾರಿಯಿಲ್ಲ. ಅತ್ತ ನೋಡಲು ಕೆಂಪಕ್ಕನಿಗೆ ಭಯ. ಯಾಕೆಂದು ಅವಳೊಬ್ಬಳಿಗೇ ಗೊತ್ತು.

ಗಂಡ ಗೋಣೆಪ್ಪ ಕುರಿ ಕಾಯುವವನು. ಮೊದಲ ಹೆಂಡತಿ ಉಚ್ಚಂಗೆಮ್ಮ ಸತ್ತ ಮೇಲೆ ಸೂಳೆಕೆರೆ ಕಡೆಯಿಂದ ಕೆಂಪಕ್ಕನನ್ನು ತಂದಿದ್ದ. ಗುಡ್ಡಕ್ಕೆ ಹೊರಟಾಗಲೆಲ್ಲ ಸತ್ತವಳದೇ ಮಾತು. "ಬ್ಯಾಸಗೀಗೆ ಸೋರೆಬುರುಡೆ ನೀರು, ತಲೀಗೆ ದಪ್ಪ ರುಮಾಲು ಅಂತಿದ್ಲು ಉಚ್ಚಂಗಿ. ಚಳಿಗಾಲಕ್ಕೆ ಬೆಂಕಿಪೊಟ್ಣ ಮರೀಬ್ಯಾಡ ಅಂತಿದ್ಲು." ಮಳೆಗಾಲಕ್ಕಂತೂ ಅವಳು ತವರಿಂದ ತಂದ ಕರಿ ಕಂಬಳಿಯೇ ತಲೆಯಿಂದ ಬೆನ್ನವರೆಗೆ ಮುಚ್ಚುವ ಕೊಪ್ಪೆ. ರಾತ್ರಿ ಮನೆಯಲ್ಲೂ ಅದನ್ನೇ ಹೊದೆಯುತ್ತಿದ್ದ... ಸತ್ತವಳು ಇಬ್ಬರ ನಡುವೆ ಮಲಗಿದ ಹಾಗೆ!

ಕೆಂಪಕ್ಕನ ಹೊಟ್ಟೆ ಉರಿಯಿತು. ಜಗಳೂರು ಸಂತೆಯಿಂದ ಹೊಸ ಕಂಬಳಿ ತರಿಸಿದಳು. ಅದು ಹುಣಸೆ ಬೀಜದ ಗಂಜಿ ಕುಡಿದು ಗಡುಸಾಗಿತ್ತು. ನೀರು ತಡೆಯುವುದೇ ಆ ಗಂಜಿ. ಗದ್ದೆ ಸೀಮೆಯ ಹೆಣ್ಣಿಗೆ ಅದೇನು ಗೊತ್ತು? ಗಂಡನ ಮೈಗೆ ಚುಚ್ಚಬಾರದೆಂದು ತಿಕ್ಕಿ ತಿಕ್ಕಿ ತೊಳೆದಳು. ಮೆತ್ತಗಾದದ್ದನ್ನು ಅವನ ಹೆಗಲಿಗೆ ಹಾಕಿ, "ಹಳೇದನ್ನ ಇಲಿ ಕಡಿದೈತೆ" ಅಂದಳು. ಹಳೆಯದರ ತುದಿಗೆ ಕಲ್ಲು ಕಟ್ಟಿ ಇದೇ ಹಾಳುಬಾವಿಗೆ ಬಿಟ್ಟಳು.

ಅವತ್ತು ಸಂಜೆಯಿಂದ ಬಿಡದೆ ಮಳೆ, ಗೋಣೆಪ್ಪ ಗುಡ್ಡದ ಕುರಿಹಟ್ಟಿಯಲ್ಲಿ. ಪಕ್ಕದ ಮನೆಯ ಸಾವಂತ್ರಮ್ಮ ಕಂಬಳಿಯ ಸುದ್ದಿ ಕೇಳಿ ಹಣೆ ಚಚ್ಚಿಕೊಂಡಳು. "ತೊಳೆದ್ಯಾ? ಈಗದು ಜರಡಿ ಇದ್ದಂಗೆ ಕಣೇ! ಮೊನ್ನೆ ಜ್ವರ ಬಿಟ್ಟ ಗಂಡಸು... ಉಳೀತಾನಾ?" ಕೆಂಪಕ್ಕ ಅವನಿಗೆ ಹೊದಿಸಲು ಕೈಗೆ ಸಿಕ್ಕ ಗೊಬ್ಬರದ ಪ್ಲಾಸ್ಟಿಕ್ ಚೀಲ ಎತ್ತಿಕೊಂಡು ಓಡಿದ್ದಳು.

ಬಾವಿ ಬಂತು. ಚರ್ರ್... ತೊಟ್... ತೊಟ್... ಯಾರೋ ದಪ್ಪ ಬಟ್ಟೆ ಹಿಂಡುವ ಸದ್ದು. ಬಾವಿಕಟ್ಟೆಯ ಮೇಲೆ ಒಬ್ಬ ಹೆಂಗಸು. ಬೆನ್ನು ಇತ್ತ.

"ತಂಗೀ... ಗಂಜಿ ತೊಳೆದ್ಯಾ?"

"ಹೂಂ... ಅಕ್ಕಾ."

"ಮಳೀಗೆ ಏನು ಹೊದಿಸಬೇಕು ಗೊತ್ತಿಲ್ಲ. ಗಂಡ ಮಾತ್ರ ಬೇಕು."

ಯಾರೆಂದು ಗೊತ್ತಾಗಿತ್ತು. ಆದರೂ ಕೆಂಪಕ್ಕನ ಹೊಟ್ಟೆಕಿಚ್ಚು ಬಿಡಬೇಕಲ್ಲ! "ಈಗ ಆತ... ನನ್ನ ಗಂಡ."

ಹಿಂಡುವ ಸದ್ದು ನಿಂತಿತು.

"ಉಳಿದ್ರೆ ತಾನೇ?"

ಲಾಟೀನು ಫಕ್ಕನೆ ಆರಿತು.

ಬಿದ್ದು ಎದ್ದು ಕುರಿಹಟ್ಟಿ ಮುಟ್ಟಿದಳು. ಬಯಲಲ್ಲೇ, ಕುರಿಗಳ ನಡುವೆ ಗೋಣೆಪ್ಪ ಕೂತಿದ್ದ. ಮೈಮೇಲೆ ಕರಿ ಕಂಬಳಿ. ಒಳಗೆ ಕೈ ಹಾಕಿದಳು. ಗರಿಗರಿ ಒಣಗಿತ್ತು...

"ಮತ್ಯಾಕೆ ಬಂದೆ?" ಅಂದ. "ಆಗಲೇ ಹೊದಿಸಿ ಹೋದೆಯಲ್ಲ, ಮಾತೂ ಆಡದಂಗೆ. ಇದೇನು, ತುದೀಗೆ ಕಲ್ಲು ಕಟ್ಟೀಯಾ?"

ನೀವು ನಂಬಿ, ಬಿಡಿ. ನಡೆದದ್ದು ನಡೆದದ್ದೇ. ಗೋಣೆಪ್ಪ ಬದುಕಿದ. ಕೆಂಪಕ್ಕ ಆ ಗಂಟು ಬಿಚ್ಚಲಿಲ್ಲ. ಈ ದೂರದ ಊರಿಗೆ ಬರುವ ಮುಂಚೆ ಒಮ್ಮೆ ಅವರ ಮನೆಗೆ ಹೋಗಿದ್ದೆ. ಸುಡುಬೇಸಿಗೆ, ಮಟಮಟ ಮಧ್ಯಾಹ್ನ. ಗೂಟಕ್ಕೆ ನೇತುಹಾಕಿದ ಕಂಬಳಿಯನ್ನು ಈ ಕೈಯಾರೆ ಮುಟ್ಟಿ ನೋಡಿದೆ. ಕಂಬಳಿ ಒಣಗಿತ್ತು.

ಕಲ್ಲು ಒದ್ದೆಯಾಗಿತ್ತು.